ಮೂವತ್ತೊಂಬತ್ತನೇ ಕಿಟಕಿ

ಕಪಾಟು ಚೊಕ್ಕ ಮಾಡುವಾಗ ಸಿಕ್ಕಿದ ಹಳೆಯ ಫ್ಲಾಪಿಯಿಂದ ಕರ್ಪೂರದ ವಾಸನೆ ಬಂತು. ಇಷ್ಟು ವರ್ಷ ವಾಸನೆ ಉಳಿದಿರಲಾರದು, ಆದರೂ ನನ್ನ ಮೂಗಿಗೆ ಬಂತು. ಬೂಸ್ಟು ಹಿಡಿಯದಿರಲಿ ಎಂದು ಫ್ಲಾಪಿ ಡಬ್ಬಿಗಳಲ್ಲಿ ಕರ್ಪೂರ ಇಡುತ್ತಿದ್ದವರು ನಮ್ಮ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಅಣ್ಣ. ವಾಸನೆಯ ಜೊತೆಗೆ ಆ ದಿನದ ಹೆದರಿಕೆಯೂ ಬಂತು...

ಎಂಬತ್ತರ ದಶಕದ ಕೊನೆ. ಮಣಿಪಾಲದಲ್ಲಿ ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷ. ಮೌಸ್ ಒತ್ತಿದರೆ ಪರದೆಯಲ್ಲಿ ಕಿಟಕಿ ತೆರೆದು ಮನೆಯ ನಕ್ಷೆ ತೋರಿಸುವ ಪ್ರೋಗ್ರಾಮ್ ಬರೆದಿದ್ದೆ. ಜಂಬವೂ ಇತ್ತು. ಆದರೆ ನಲವತ್ತನೇ ಸಲ ಕಿಟಕಿ ತೆರೆದರೆ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುತ್ತಿತ್ತು. ಮುಚ್ಚಿದ ಕಿಟಕಿ ತಾನು ಹಿಡಿದ ಮೆಮೊರಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ತಪ್ಪು ಎಲ್ಲಿದೆಯೆಂದು ವಾರವಿಡೀ ಹುಡುಕಿದರೂ ಸಿಗಲಿಲ್ಲ. ಮರುದಿನವೇ ವೈವಾ. ಫೇಲಾದರೆ ಮತ್ತೆ ಓದಿಸುವುದಿಲ್ಲ ಎಂದು ಕಾರ್ಕಳದಲ್ಲಿ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಅಣ್ಣ ಅಲೆವೂರಿನವರು, ಊರಿನ ಊಟಗಳಲ್ಲಿ ಬಡಿಸುವವರು. ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿ, "ಉಂಡವರ ಎಲೆ ತೆಗೆಯದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ ಮಾರಾಯ್ರೆ? ಅಷ್ಟೇ ಅಲ್ವಾ?" ಎಂದರು. ಅಷ್ಟೇ ಆಗಿತ್ತು. ಆದರೆ ಆ ತೆಗೆಯದ ಎಲೆ ಪ್ರೋಗ್ರಾಮಿನಲ್ಲಿ ಎಲ್ಲಿದೆಯೆಂದು ಆ ರಾತ್ರಿಯೂ ಸಿಗಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರಿಗೆ ಮೌಸ್ ಹೊಸದು. ತೆರೆದರು, ಮುಚ್ಚಿದರು, ಮತ್ತೆ ತೆರೆದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಸಿ ಕೋಣೆಯಲ್ಲೂ ಬೆನ್ನು ಒದ್ದೆಯಾಗಿತ್ತು. ಮೂವತ್ತೆಂಟು... ಬಾಗಿಲಲ್ಲಿದ್ದ ಅಣ್ಣನನ್ನು ನೋಡಿದೆ. ಬಾಯಿ ತೆರೆಯಲಿಲ್ಲ, ನೋಡಿದೆ ಅಷ್ಟೆ. ಅವರು ಹೊರಗೆ ಹೋದರು. ಮೂವತ್ತೊಂಬತ್ತನೇ ಕಿಟಕಿ ತೆರೆದುಕೊಂಡಿತು, ಕರೆಂಟ್ ಹೋಯಿತು. ಪರೀಕ್ಷಕರು ನಕ್ಕು, ಒಳ್ಳೆಯ ಅಂಕ ಹಾಕಿ ಬಸ್ಸಿಗೆ ಹೊರಟರು.

ಹಾಗೆ ಒಮ್ಮೆಲೇ ಆರಿದ್ದರಿಂದ ಲ್ಯಾಬಿನ ಇನ್ನೊಂದು ಕಂಪ್ಯೂಟರ್ ಮತ್ತೆ ಏಳಲೇ ಇಲ್ಲ. ವಿಭಾಗದ ಮುಖ್ಯಸ್ಥರು ಬಂದರು. "ಪಕ್ಕದ ರೂಮಿನ ಫ್ಯಾನ್ ತಿರುಗ್ತಾ ಉಂಟು. ಇಲ್ಲಿಯ ಮೈನ್ ಸ್ವಿಚ್ ಆರಿಸಿದ್ದು ಯಾರು?"

"ನಾನು ಸರ್. ಕೈ ತಾಗಿತು" ಎಂದರು ಅಣ್ಣ. ನನ್ನ ಕಡೆ ನೋಡಲೂ ಇಲ್ಲ.

ಹೇಳಿದರೆ ಅಂಕ ಹೋಗುತ್ತದೆ ಎಂಬ ಭಯಕ್ಕೆ ನನ್ನ ನಾಲಿಗೆ ಏಳಲಿಲ್ಲ. ಅವರದು ಹಂಗಾಮಿ ಕೆಲಸ, ವಾರದೊಳಗೆ ತೆಗೆದುಹಾಕಿದರು. ಅಲೆವೂರಿಗೆ ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ... ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಮೂರನೆಯವರಿಂದ ಬಂತು.

ಈಗಲೂ ಕರೆಂಟ್ ಹೋದರೆ ಮೈನ್ ಆರಿಸಿದ್ದು ಯಾರೆಂದು ಯಾರೋ ಬಂದು ಕೇಳುತ್ತಾರೆ ಅನ್ನಿಸುತ್ತದೆ. ಕೇಳಿದರೆ ಈ ಸಲ ಹೇಳಿಬಿಡುತ್ತೇನೆ. ಆದರೆ ಈಗ ಕೇಳುವವರೂ ಇಲ್ಲ, ಅಣ್ಣನೂ ಇಲ್ಲ.