ತಪ್ಪು ವಾರದ ಪಾಠ

ನಾನು ಚಿಕ್ಕವನಿದ್ದಾಗ, ಅಂದರೆ ಹದಿಮೂರು ತುಂಬಲು ಇನ್ನೊಂದೇ ಹಗಲು ಬಾಕಿ ಇದ್ದಾಗ, ನನ್ನಷ್ಟು ಜಂಬದ ಹುಡುಗ ಇಡೀ ಸಿಡ್ನಿಯಲ್ಲೇ ಇರಲಿಲ್ಲ. ಹುಬ್ಬಳ್ಳಿಯಿಂದ ಬಂದ ಯೆಹೂದಿ ಮನೆ ನಮ್ಮದು. ನಮ್ಮಲ್ಲಿ ಹುಡುಗನಿಗೆ ಹದಿಮೂರು ತುಂಬಿತೆಂದರೆ ಬಾರ್ ಮಿಟ್ಜ್ವಾ. ಅಲ್ಲಿಂದ ಮುಂದೆ ದೇವರ ಆಜ್ಞೆ ಪಾಲಿಸುವ ಹೊಣೆ ಅವನದೇ. ತಪ್ಪಿದರೆ ಅಪ್ಪನತ್ತ ಕೈ ತೋರಿಸುವಂತಿಲ್ಲ. ಶನಿವಾರ ಬೆಳಿಗ್ಗೆ ನಮ್ಮ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಎಲ್ಲರೆದುರು ಧರ್ಮಗ್ರಂಥ ತೋರಾದ ಸುರುಳಿಯಿಂದ ಆ ವಾರದ ಪಾಠವನ್ನು ರಾಗವಾಗಿ ಓದಬೇಕು.

ಇಸ್ರೇಲಿನ ಸೋದರಮಾವ ಆ ಶನಿವಾರದ ಪಾಠವನ್ನು ಹಾಡಿ ಕ್ಯಾಸೆಟ್ ಕಳಿಸಿದ್ದರು. ಆರು ತಿಂಗಳು ಕೇಳಿ ಕೇಳಿ ಬಾಯಿಪಾಠ ಮಾಡಿದ್ದೆ. "ಮಾಸ್ತರ ಮುಂದ ಒಮ್ಮೆ ಓದಿ ತೋರ್ಸಲೇ" ಎಂದು ಅಪ್ಪ ಅಂದಾಗಲೆಲ್ಲ, "ಎಲ್ಲಾ ಬರ್ತೈತಿ" ಎಂದು ಹಾರಿಸಿಬಿಡುತ್ತಿದ್ದೆ. ಕೊನೆಗೆ ಶುಕ್ರವಾರ ಬೆಳಿಗ್ಗೆ ಹೋಗಿ ಓದಿದೆ. ಎರಡೇ ಸಾಲಿಗೆ ಸಿನಗಾಗಿನ ವಯಸ್ಸಾದ ಮಾಸ್ತರರು ಕೈಯೆತ್ತಿದರು. ಪಸ್ಕ ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರದೇಶಗಳಲ್ಲಿ ಎಂಟು. ಹಬ್ಬದ ದಿನ ವಾರದ ಪಾಠ ಓದುವುದಿಲ್ಲ. ಆ ವರ್ಷ ಎಂಟನೆಯ ದಿನ ಶನಿವಾರವೇ ಬಿದ್ದು, ಅವರ ಪಾಠ ನಮಗಿಂತ ಒಂದು ವಾರ ಮುಂದೆ ಹೋಗಿತ್ತು. ನಾನು ಕಲಿತದ್ದು ನಮ್ಮ ಮುಂದಿನ ವಾರದ ಪಾಠ!

ಅಯ್ಯೋ, ಅಳುವೇ ಬಂತು. "ಹೋಗ್ಲಿ ಬಿಡಪಾ, ಮುಂದಿನ ವಾರ ಓದಿದ್ರಾತು" ಎಂದ ಅಪ್ಪ.

"ಇಲ್ಲಪ್ಪಾ. ಹದಿಮೂರು ತುಂಬೋದು ಇವತ್ತ ಸಂಜಿಗೆ. ನಾಳೇನ ಓದ್ತೀನಿ."

ಮೂರು ವಾಕ್ಯ ಓದಿದರೂ ಸಾಕು ಎಂದ ಮಾಸ್ತರರು, ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಿಗೆ ಆ ಮೂರನ್ನು ಹಾಡಿಕೊಟ್ಟರು. ಸುರುಳಿಯಲ್ಲಿ ಬರಿಯ ವ್ಯಂಜನಗಳು. ಕಾಗುಣಿತವಿಲ್ಲ, ರಾಗದ ಗುರುತೂ ಇಲ್ಲ, ಕೇಳಿಯೇ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ದಿನ ಹುಟ್ಟುವುದೇ ಸಂಜೆಗೆ. ಸೂರ್ಯ ಮುಳುಗಿದರೆ ವಿಶ್ರಾಂತಿಯ ದಿನವಾದ ಸಬ್ಬತ್ ಶುರು, ಆಮೇಲೆ ಟೇಪ್ ರೆಕಾರ್ಡರ್ ಮುಟ್ಟುವಂತಿಲ್ಲ. ಅಡುಗೆಮನೆಯಲ್ಲಿ ಅಕ್ಕ ನಾಳೆಯ ಸಿಹಿ ಅವಲಕ್ಕಿಗೆ ತೆಂಗಿನಕಾಯಿ ತುರಿದು ಏಲಕ್ಕಿ ಕುಟ್ಟುತ್ತಿದ್ದಳು. ಆ ಘಮ ಮೂಗಿಗೆ ಬಡಿಯುತ್ತಿದ್ದರೂ ಊಟಕ್ಕೆ ಏಳಲಿಲ್ಲ. ತಪ್ಪಿದಾಗಲೆಲ್ಲ ಅಕ್ಕ ಅಲ್ಲಿಂದಲೇ, "ತಿರುಗಿ ಹಾಕಲೇ!" ಎಂದು ಗದರುತ್ತಿದ್ದಳು. ಅವಳು ಸಬ್ಬತ್ ದೀಪ ಹಚ್ಚಲು ಬಂದಾಗ ಟೇಪ್ ನಿಲ್ಲಿಸಿದೆ. ಒಂದು ಪದ ಇನ್ನೂ ತೊಡರುತ್ತಿತ್ತು.

ಮರುದಿನ ಬೆಳಿಗ್ಗೆ ಎಲ್ಲರೆದುರು ಅದೇ ಪದದಲ್ಲಿ ಎಡವಿದೆ. ತಪ್ಪಿದರೆ ಅಲ್ಲೇ ತಿದ್ದುವುದು ನಮ್ಮ ಪದ್ಧತಿ. ನಾಲ್ಕೂ ಕಡೆಯಿಂದ ಹಿರಿಯರು ಸರಿಯಾದ ಪದವನ್ನು ಕೂಗಿದರು. ಕಿವಿ ಬಿಸಿಯಾದವು, ಓಡಿಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ. ಆ ಪದಕ್ಕೆ ಹಿಂದಿರುಗಿ, ಗಟ್ಟಿಯಾಗಿ ಓದಿ, ಮೂರನ್ನೂ ಮುಗಿಸಿದೆ.

ಆಗ ಅಪ್ಪ ಎದ್ದು ನಿಂತು, ಎಲ್ಲ ಅಪ್ಪಂದಿರೂ ಆ ದಿನ ಹೇಳುವಂತೆ, ಮಗನ ಹೊಣೆಯಿಂದ ತನ್ನನ್ನು ಬಿಡಿಸಿದ ದೇವರಿಗೆ ಸ್ತೋತ್ರ ಹೇಳಿದ. ನಾನು ಓದುವ ವೇದಿಕೆಯಿಂದ ಕೆಳಗಿಳಿದು ಬಂದಾಗ, "ಬಾಯಿಲೆ ಅಂದೇನಿ ನೋಡಪಾ, ನಿನ್ನ ಬಿಡಾಕ ಮನಸ್ಸಿಗೆ ಆಗವಲ್ದು" ಎಂದು ತಬ್ಬಿಕೊಂಡ.

ಈಗ ಮೊಮ್ಮಕ್ಕಳಾದ ನೀವು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಕೂತು ಫೋನಿನಲ್ಲೇ ಪಾಠ ಕಲಿಯುತ್ತೀರಿ. ಯಾವ ದೇಶಕ್ಕೆ ಯಾವ ವಾರ ಯಾವ ಪಾಠವೆಂದು ಅದೇ ಹೇಳುತ್ತದೆ. ಹೆಣ್ಣುಮಕ್ಕಳೂ ಓದುತ್ತೀರಿ, ಆ ಮೂರು ವಾಕ್ಯ ನನಗಿಂತ ಮೊದಲೇ ಬಾಯಿಗೆ ಬಂದಿದ್ದ ನಮ್ಮ ಅಕ್ಕನಿಗೆ ಆ ಅವಕಾಶ ಸಿಗಲಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು, "ಅಜ್ಜಾ, ರಾಂಗ್ ಆದ್ರೆ?" ಎಂದು ಕೇಳಿದಳಲ್ಲ? ಎಲ್ಲರೂ ಕೂಗುತ್ತಾರೆ, ಪುಟ್ಟೀ. ಎಲ್ಲರಿಗಿಂತ ಮೊದಲು ನಾನೇ ಕೂಗುತ್ತೇನೆ. ನೀನು ಮಾತ್ರ ಕೆಳಗಿಳಿಯಬೇಡ, ಆ ಪದಕ್ಕೆ ಹಿಂದಿರುಗಿ ಗಟ್ಟಿಯಾಗಿ ಓದು.