ಕಿವಿಯ ಕೆಳಗಿನ ಗಂಟು ಮತ್ತು ನನ್ನ ಸೀಟಿ

ನನ್ನ ಹಿರಿಮಗಳು ಹತ್ತನೇ ತರಗತಿಗೆ ಹೋದ ವರ್ಷ ಅದು. ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಪ್ರಯಾಣಿಕರ ಜೀಪು ಓಡಿಸುವುದು ನನ್ನ ಕೆಲಸ. ನಮ್ಮ ದಾರಿಯಲ್ಲಿ ಹಾರನ್ ಎಲ್ಲರದೂ ಒಂದೇ ಥರ, ಹೊಲದಲ್ಲಿದ್ದವರು ಜೀಪನ್ನು ಗುರುತಿಸುವುದು ಡ್ರೈವರನ ಸೀಟಿಯಿಂದ. ನಾನು ತುಟಿ ಚೂಪು ಮಾಡಿ ಎರಡು ಉದ್ದ, ಒಂದು ಗಿಡ್ಡ ಸೀಟಿ ಹೊಡೆದರೆ ತೊಗರಿ ಸಾಲಿನಿಂದ ಜನ ಓಡಿ ಬರುತ್ತಿದ್ದರು. ಅದರ ಬಗ್ಗೆ ನನಗೆ ಜಂಭವೂ ಇತ್ತು, ಸುಳ್ಳೇಕೆ ಹೇಳಲಿ!

ಆಗ ಬಲಗಿವಿಯ ಕೆಳಗೆ ಅಡಕೆಯಷ್ಟು ಗಂಟು ಕಾಣಿಸಿತು. ನೋವಿರಲಿಲ್ಲ, ಮಂಗನಬಾವು ಅಂದುಕೊಂಡೆವು. ಮಂಗನಬಾವು ಬಂದರೆ ನಮ್ಮ ಕಡೆ ಕೊರಳಿಗೆ ಬಂಗಾರದ ಸರ ಹಾಕುತ್ತಾರೆ. ಹೆಂಡತಿ ಶರಣಮ್ಮ ತನ್ನ ಸರ ಬಿಚ್ಚಿ ಕೊಟ್ಟು, "ಹಾಕ್ಕೋರಿ, ಎಂಟು ದಿನದಾಗ ಇಳೀತದ" ಎಂದಳು. ಎಂಟು ದಿನ ಹೋಗಿ ಎಂಟು ತಿಂಗಳಾಯಿತು. ಸರ ಅಂಗಿಯೊಳಗೇ ಇತ್ತು, ಗಂಟು ಮಾತ್ರ ನಿಂಬೆಹಣ್ಣಿನಷ್ಟಾಯಿತು.

ಕಡೆಗೆ ಮಗಳೇ ಗದರಿಸಿ ಹೈದರಾಬಾದಿನ ಆಸ್ಪತ್ರೆಗೆ ಎಳೆದೊಯ್ದಳು. ಸೂಜಿ ಹಾಕಿ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಬೀದರ್ ಕಡೆಯವರು.

"ಕ್ಯಾನ್ಸರ್ ಅಲ್ರಿ, ಜೊಲ್ಲು ಗ್ರಂಥಿಯ ಗಡ್ಡಿ. ಆದ್ರೂ ತೆಗೀಬೇಕು, ಬಿಟ್ರ ಮುಂದ ಕೆಡಬಹುದು" ಎಂದವರು ನನ್ನ ಕೊರಳು ನೋಡಿ, "ಇದೇನ್ರಿ?" ಎಂದರು. ಹೇಳಿದೆ. ಬಿದ್ದುಬಿದ್ದು ನಕ್ಕರು. "ಮಂಗನಬಾವು ತಾನೇ ಇಳೀತದ, ಹೆಸರು ಬಂಗಾರಕ್ಕ ಬರ್ತದ!"

ಆಮೇಲೆ ಮೆಲ್ಲಗೆ, "ಮುಖದ ನರ ಈ ಗ್ರಂಥಿಯೊಳಗೇ ಹಾಯ್ದು ಹೋಗ್ತದ. ಅದಕ್ಕ ಪೆಟ್ಟಾದ್ರ ಬಾಯಿ ಸೊಟ್ಟಾಗಬಹುದು. ಜೋಪಾನ ಮಾಡ್ತೀವಿ" ಎಂದರು. ಸೊಟ್ಟ ಬಾಯಲ್ಲಿ ಸೀಟಿ ಎಲ್ಲಿ ಬಂದೀತು? ಸೀಟಿ ಹೋದರೆ ನಾನು ಯಾರು?

ಆಪರೇಷನ್ ಆಗಿ ಎಚ್ಚರವಾದಾಗ ಡಾಕ್ಟರಮ್ಮ ಎದುರಿಗಿದ್ದರು.

"ಕಣ್ಣು ಮುಚ್ಚರಿ. ಹಲ್ಲು ತೋರಸ್ರಿ. ಈಗ ಸೀಟಿ ಹೊಡೀರಿ."

ಬರೀ ಗಾಳಿ ಬಂತು.

"ನರ ಉಳದದ, ಸ್ವಲ್ಪ ಸುಸ್ತಾಗ್ಯದ ಅಷ್ಟೇ. ದಿನಾ ಕನ್ನಡಿ ಮುಂದ ಪ್ರಯತ್ನ ಮಾಡ್ರಿ" ಎಂದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಗಾಯ ಮಾಯ್ದ ಮೇಲೆ ಜೀಪು ಹತ್ತಿದೆ. ಹಾರನ್ ಹೊಡೆದೇ ಹೊಡೆದೆ, ನನ್ನ ಗಿರಾಕಿಗಳು ತಲೆ ಎತ್ತಲಿಲ್ಲ. ಆಪರೇಷನ್ ಆದ ಏಳನೇ ವಾರ, ಒಂದು ಮುಂಜಾನೆ, ರೂಢಿಯಂತೆ ತುಟಿ ಚೂಪು ಮಾಡಿದೆ. ಬಂತು! ಎರಡು ಉದ್ದ, ಒಂದು ಗಿಡ್ಡ! ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

ತೊಗರಿ ಹೊಲದಿಂದ ಕಾಶಮ್ಮ ಎಂಬ ಮುದುಕಿ ಬುಟ್ಟಿ ಹೊತ್ತು ಓಡಿ ಬಂದಳು. "ತಡಿಯೋ ಸಿದ್ದಣ್ಣ, ಬರ್ಲತ್ತೀನಿ! ಇಷ್ಟ್ ದಿನ ಯಾವ ಊರಿಗೆ ಹೋಗಿದ್ದಿ?"

"ದಿನಾ ನಿನ್ನ ಮುಂದಿಂದೇ ಹೋಗೀನಲ್ಲ, ಆಯಿ."

"ಸುಳ್ಳು ಹೇಳಬ್ಯಾಡ. ನೀ ಹೋಗಿದ್ರ ನಂಗ ಕೇಳ್ತಿರ್ಲಿಲ್ಲೇನು?"

ಶರಣಮ್ಮ ಈಗಲೂ ನರ ಉಳಿಸಿದ್ದು ತನ್ನ ಸರವೇ ಅನ್ನುತ್ತಾಳೆ. ನಾನು ವಾದಿಸುವುದಿಲ್ಲ. ಆ ಹೊಲ ಬಂದಾಗ, ಕಾಶಮ್ಮ ಜೀಪಿನಲ್ಲೇ ಕೂತಿದ್ದರೂ, ಒಂದು ಸಲ ಸೀಟಿ ಹೊಡೆದೇ ಮುಂದೆ ಹೋಗುತ್ತೇನೆ.