ಅಪ್ಪನ ಶನಿವಾರ ಮತ್ತು ನನ್ನ ಎಕ್ಸಾಸ್ಟ್ ಫ್ಯಾನ್

ಸ್ನೇಹಿತರೇ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ತರಗತಿಗೇ ಪ್ರಥಮಳಾದ ನಾನು ಇಂದು ಕದ್ರಿಯ ನಮ್ಮ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ.

“ಕಿಟಕಿಯಲ್ಲೇ ಇಡುವ, ಅಕ್ಕ, ಪೈಪಿಗೆ ಜಾಗ ಎಲ್ಲುಂಟು?” ಎಂದರು ಎಲೆಕ್ಟ್ರಿಷಿಯನ್ ಸದಾನಂದಣ್ಣ.

ಅಮ್ಮ ಒಪ್ಪಲಿಲ್ಲ. “ಕಿಟಕಿ ಮುಚ್ಚಿದ್ರೆ ನಾನು ಪಕ್ಕದ ಮನೆ ಫ್ಲೇವಿಬಾಯಿ ಹತ್ರ ಮಾತಾಡುವುದು ಎಲ್ಲಿಂದ ಮಾರಾಯ್ತಿ?”

ಅಟ್ಟಕ್ಕೂ ಛಾವಣಿಗೂ ನಡುವೆ ಇದ್ದದ್ದು ಐದೇ ಇಂಚು. ನಾನು ನಕ್ಷೆ ಬರೆದು, ಆ ಸಂದಿಯಲ್ಲೇ ಚಪ್ಪಟೆ ಕೊಳವೆಯೊಂದನ್ನು ಹಾಯಿಸಿ, ಅದರ ಬಾಯಿಯನ್ನು ಜಗಲಿಗೆ ತೆರೆಸಿದೆ. ಪರೀಕ್ಷೆಗೆಂದು ಅಮ್ಮ ಬಂಗುಡೆ ಹುರಿದರು. ಅಡುಗೆಮನೆಯಲ್ಲಿ ವಾಸನೆಯೇ ಇಲ್ಲ! ಅದಷ್ಟೂ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪನ ನೆತ್ತಿಯ ಮೇಲೆ ಸುರಿಯುತ್ತಿತ್ತು. ಇಂದು ಶನಿವಾರ, ಹರಕೆಯ ಪ್ರಕಾರ ಅಪ್ಪನಿಗೆ ಮೀನು ವರ್ಜ್ಯ.

“ನಾನು ಆಗಲೇ ಹೇಳಿದೆ ಅಲ್ವಾ? ಪೈಪ್ ತೆಗೀತೇನೆ” ಎಂದು ಸದಾನಂದಣ್ಣ ಗೆದ್ದವರಂತೆ ಏಣಿ ತಂದರು.

ಅಪ್ಪ ಕುರ್ಚಿಯನ್ನು ಕೊಳವೆಯ ನೇರ ಕೆಳಗೆ ಎಳೆದುಕೊಂಡರು. “ಮುಟ್ಟಬೇಡ ಮಾರಾಯ! ತಿನ್ನುವುದಿಲ್ಲ ಅಂತ ಮಾತ್ರ ನಾನು ಹರಕೆ ಹೇಳಿಕೊಂಡದ್ದು.”

ನನ್ನ ವಿನ್ಯಾಸ ಉಳಿಯಿತು. ಉಳಿದ ಕಾರಣವನ್ನು ಮಾತ್ರ ನನ್ನ ಪ್ರಾಧ್ಯಾಪಕರಿಗೆ ಹೇಳಲಾರೆ.